ಹಗೆಗೊತ್ತಳ

ಕಡವಂಜಿಯ ಅಳಿವೆಯ ಬಾಯಲ್ಲಿ, ಮೂರು ಕಡೆ ಕಡಲು ಬಡಿಯುವ ಗುಡ್ಡದ ಮೇಲೆ ಮುರಕಲ್ಲಿನ ಕೋಟೆಯೊಂದಿದೆ. ಗೋಡೆಯ ದಪ್ಪ ಎಂಟು ಮೊಳ. ಚಿಪ್ಪು ಸುಟ್ಟ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದ ಗಾರೆ ಇಂದಿಗೂ ಉಗುರಿಗೆ ಜಗ್ಗುವುದಿಲ್ಲ. ಏಳು ಕೊತ್ತಳಗಳಲ್ಲಿ ಆರು ಕಡಲಿಗೆ ಮುಖಮಾಡಿವೆ. ಏಳನೆಯದು ಮಾತ್ರ ಊರಿನತ್ತ ತಿರುಗಿದೆ. ಅದನ್ನು ಹಗೆಗೊತ್ತಳ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೇಸರಸನೆಂಬ ಪಾಳೆಯಗಾರ ಆಳುತ್ತಿದ್ದ. ಹಡಗಿನಲ್ಲಿ ಬರುವ ಶತ್ರುಗಳಿಗೆ ಹೆದರಿ ಕೋಟೆ ಕಟ್ಟಿಸಿದಾಗ, ಊರಿಗಿದ್ದ ಒಂದೇ ಸಿಹಿನೀರಿನ ಬಾವಿಯನ್ನು ಗೋಡೆಯೊಳಗೆ ಸೇರಿಸಿಕೊಂಡ. ಬಾಗಿಲು ಕೂರಿಸಿದ ದಿನವೇ ಊರವರಿಗೆ ನೀರು ನಿಂತಿತು. ಎಲ್ಲಿ ತೋಡಿದರೂ ಉಪ್ಪುನೀರು. ಒಂದು ಬೇಸಿಗೆಯ ಮಧ್ಯಾಹ್ನ ಹೆಂಗಸರು ಕೊಡ ಹೊತ್ತು ಹೆಬ್ಬಾಗಿಲಿಗೆ ಬಂದರು. ಮುಂದೆ ನಿಂತವಳು ದುಗ್ಗಿ, ಕೋಟೆ ಕಟ್ಟುತ್ತಿದ್ದ ಕೊಗ್ಗ ಮೇಸ್ತ್ರಿಯ ತಂಗಿ. "ಬಾಣಂತಿಯರಿದ್ದಾರೆ ಒಡೆಯಾ, ನಾಲ್ಕು ಕೊಡ ಸಾಕು," ಎಂದಳು. ಮೇಲಿನಿಂದ ಕೋವಿ ಹಾರಿತು. ಅಣ್ಣ ಗೋಡೆಯಿಂದ ಇಳಿದು ಓಡಿಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಊರು ತಿರುಗಿಬಿದ್ದೀತೆಂದು ಕೇಸರಸನಿಗೆ ದಿಗಿಲು ಹತ್ತಿತು. ಊರಿನತ್ತ ತೋಪು ಹೂಡಲು ಇನ್ನೊಂದು ಕೊತ್ತಳ ಕಟ್ಟೆಂದು ಕೊಗ್ಗನಿಗೇ ಅಪ್ಪಣೆ ಮಾಡಿದ.

"ಹಗೆಗಳು ಬರುವುದು ಕಡಲಿನಿಂದಲ್ಲವೇ, ಒಡೆಯಾ?"

"ನೀರು ಕೇಳಲು ಬರುವವರೂ ಹಗೆಗಳೇ. ಕಟ್ಟು."

ಕೊಗ್ಗ ಕಟ್ಟಿದ. ಆದರೆ ಸುಣ್ಣಕ್ಕೆ ಬಾವಿಯ ನೀರು ಮುಟ್ಟಿಸಲಿಲ್ಲ, ಕಡಲ ನೀರಿನಲ್ಲೇ ಕಲಸಿದ. ಉಪ್ಪು ಸೇರಿದ ಗಾರೆ ಕಲ್ಲು ಹಿಡಿಯದೆಂದು ಕೈಯಾಳುಗಳಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಕೆಲಸ ಮುಗಿದಾಗ ಪಾಳೆಯಗಾರ ಗೋಡೆ ತಟ್ಟಿ, "ಗಟ್ಟಿಯಿದೆಯೇನೋ?" ಎಂದ. "ಒಡೆಯರ ಎದೆಯಷ್ಟೇ ಗಟ್ಟಿ," ಎಂದನಂತೆ ಮೇಸ್ತ್ರಿ.

ಎರಡು ಮಳೆಗಾಲ ಕಳೆದ ಮೇಲೆ ಶತ್ರುಗಳು ಬಂದರು. ಕಡಲ ಕಡೆಯ ತೋಪುಗಳಿಗೆ ಸಿಗದಂತೆ ದೂರದ ಮರಳದಂಡೆಯಲ್ಲಿ ಇಳಿದು, ಹಾಡುಹಗಲೇ ಊರ ನಡುವೆ ನಡೆದರು. ಊರವರು ಕದ ಹಾಕಿಕೊಂಡರೇ ಹೊರತು ಕೋಟೆಗೆ ಸುದ್ದಿ ಮುಟ್ಟಿಸಲಿಲ್ಲ. ಹೊಸ ಕೊತ್ತಳದ ತೋಪು ಮೊದಲ ಸಲ ಹಾರಿತು. ಅದರ ಒದೆತಕ್ಕೆ ಗಾರೆ ಬಿಟ್ಟು, ಗೋಡೆ ತೋಪಿನ ಸಮೇತ ಕುಸಿಯಿತು. ಶತ್ರುಗಳು ಅಲ್ಲಿಂದಲೇ ನುಗ್ಗಿದರು. ಕೇಸರಸ ಬಾವಿಕಟ್ಟೆಯ ಬಳಿ ಸತ್ತ. ಗೆದ್ದವರು ಕೊಳ್ಳೆ ಹೊಡೆದು ಹಡಗು ಹತ್ತಿದ ಮೇಲೆ, ಕೊಗ್ಗ ಆ ಬಾವಿಯಿಂದ ಒಂದು ಕೊಡ ನೀರು ಸೇದಿ, ತಂಗಿಯ ಚಿತೆ ಉರಿದ ಜಾಗದಲ್ಲಿ ಸುರಿದು, ಊರು ಬಿಟ್ಟು ಹೋದ ಎನ್ನುತ್ತಾರೆ.

ಇಂದು ನೋಡಬಂದವರಿಗೆ ಆರು ಕೊತ್ತಳಗಳು ಅಲುಗದೆ ನಿಂತಿರುವುದೂ, ಏಳನೆಯದರ ಉರುಳಿದ ಕಲ್ಲುಗಳ ಮೇಲೆ ಉಪ್ಪಿನ ಬಿಳಿ ಪೊರೆಯೂ ಕಾಣುತ್ತವೆ. ಹೆಬ್ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಆದರೂ ನೀರಿಗೆ ಹೋಗುವ ಊರ ಹೆಂಗಸರು ಅದರತ್ತ ಮುಖ ತಿರುಗಿಸದೆ, ಮುರಿದ ಕೊತ್ತಳದ ಕಲ್ಲುಗಳನ್ನೇ ಹತ್ತಿ ಒಳಗಿಳಿಯುತ್ತಾರೆ.