ಹೆಸರು ಹಾಕಿಸಿದ ಲೋಟ

ಮಾನಸಿಕ ಕಾಯಿಲೆಯವರ ವಸತಿಗೃಹಕ್ಕೆ ಹೊಸ ಸ್ಟೀಲ್ ಲೋಟವೊಂದು ಬಂತು. ಅದರ ಮೇಲೆ ‘ಭಾಗೀರಥಮ್ಮ’ ಎಂದು ಹೆಸರು ಹಾಕಿಸಿದ್ದರು.

ಹಳೆಯ ಪ್ಲಾಸ್ಟಿಕ್ ಲೋಟ ನಕ್ಕಿತು: “ಆಕೆ ದಿನವೂ ಅರ್ಧ ಕಾಫಿ ಬಿಟ್ಟೇಳುವವಳು. ಅವಳಿಗೆ ನೀನೊಬ್ಬ ಬೇರೆ! ನಾನಾದರೆ ಯಾರ ಕೈಗಾದರೂ ಸೈ.”

“ಯಾಕೆ ಬಿಡುತ್ತಾರೆಂದು ಕೇಳಿದ್ದೀರಾ?”

“ಕೇಳುವುದು ನಮ್ಮ ಕೆಲಸವಲ್ಲ.”

ಅಷ್ಟರಲ್ಲಿ ಹೊಸದಾಗಿ ಬಂದ ಆಯಾ ಸುನಂದಾ ಸ್ಟೀಲ್ ಲೋಟ ಎತ್ತಿಕೊಂಡಳು. “ಭಾಗೀರಥಮ್ಮಾ, ಸಕ್ಕರೆ ಎಷ್ಟು ಹಾಕಲಿ?”

“ಹಾಕಲೇಬೇಡ ಕಣೇ. ಸಿಹಿ ನನಗೆ ಸೇರುವುದಿಲ್ಲ.”

ಭಾಗೀರಥಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತ ಕಾಫಿಯನ್ನು ಪೂರ್ತಿ ಕುಡಿದರು. ಲೋಟವನ್ನು ತಾವೇ ತೊಳೆದು, ಸೆರಗಿನಿಂದ ಒರೆಸಿ, ಬೋರಲು ಹಾಕಿದರು.

ಪ್ಲಾಸ್ಟಿಕ್ ಲೋಟ ಪಕ್ಕದ ಸ್ಟೀಲ್ ಲೋಟವನ್ನು ಕೇಳಿತು: “ಅಲ್ಲಯ್ಯಾ, ನಾನು ಯಾರ ಲೋಟ?”