ಕಡೆಯ ಸಾಲಿನ ಮಂಡಿಹಲಗೆ

ಇಗರ್ಜಿಯ ಕಡೆಯ ಸಾಲಿನಲ್ಲಿ, ಬೆಂಚಿನ ಮುಂದಿದ್ದ ಮಂಡಿಹಲಗೆಯ ಮೇಲೆ ಯಾರೂ ಮೊಣಕಾಲೂರದೆ ತಿಂಗಳುಗಳೇ ಕಳೆದಿದ್ದವು. ಶುಕ್ರವಾರದ ಆರಾಧನೆಗೆ ಮುದುಕಿ ಸೆರಫಿನಾ ಬಾಯಿ ಒಬ್ಬಳೇ ಬಂದು ಆ ಸಾಲಿನ ಬೆಂಚಿನಲ್ಲಿ ಕೂತಳು.

"ನೋಡಿದೆಯಾ, ಇವಳೂ ಕೂತೇಬಿಟ್ಟಳು! ಜನರಲ್ಲಿ ಭಕ್ತಿಯೇ ಉಳಿದಿಲ್ಲ" ಎಂದಿತು ಹಲಗೆ.

"ನಿನಗೆ ಬೇಕಾದದ್ದು ಅವರ ಭಕ್ತಿಯೋ, ಜೊತೆಯೋ?" ಎಂದು ಬೆಂಚು ಕೇಳಿತು.



ಅಷ್ಟರಲ್ಲಿ ಗಂಟೆ ಮೊಳಗಿತು. ಪಾದ್ರಿಗಳು ಪರಮಪ್ರಸಾದವನ್ನು ಮೇಲೆತ್ತಿದರು. ಮುದುಕಿ ಮಂಡಿಯೂರಲು ಹೊರಟಳು, ಆದರೆ ಊದಿದ ಮೊಣಕಾಲುಗಳು ಮಡಚಿಕೊಳ್ಳಲಿಲ್ಲ. ಕೂತಲ್ಲಿಂದಲೇ ಬಾಗಿ ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಊರಿ, "ಸ್ವಾಮೀ, ನನ್ನಿಂದ ಇಷ್ಟೇ ಆಗುವುದು" ಎಂದಳು. ಆಕೆ ತಲೆಯೆತ್ತುವ ತನಕ ಹಲಗೆ ಒಂದಿಷ್ಟೂ ಅಲುಗದೆ ಆ ಕೈಗಳ ಭಾರ ಹೊತ್ತುಕೊಂಡಿತು.