ಎರಡು ಪ್ಲೇಟುಗಳ ನಡುವಿನ ಹಾಳೆ

ಮೌಲಾಸಾಬರ ಆಟೋದ ಬ್ಯಾಟರಿಯೊಳಗೆ ಕಂದು ಪ್ಲೇಟಿಗೂ ಬೂದು ಪ್ಲೇಟಿಗೂ ಎಣ್ಣೆ ಸೀಗೆಕಾಯಿ. ಇಬ್ಬರ ನಡುವೆ ಮೈಯೆಲ್ಲ ಸಣ್ಣ ತೂತುಗಳಿದ್ದ ತೆಳು ಹಾಳೆಯೊಂದು ನಿಂತಿತ್ತು. ಆ ತೂತುಗಳಲ್ಲಿ ಆಸಿಡ್ ನೀರು ಅತ್ತಿತ್ತ ಹರಿದಾಡುತ್ತಿತ್ತು, ಅದರ ಜೊತೆಗೆ ಬೈಗುಳವೂ.

"ನೀನು ಆಚೆ ಸರಿ, ಇವನಿಗೆ ನಾಲ್ಕು ಬಿಗಿಯುತ್ತೇನೆ" ಎಂದಿತು ಕಂದು ಪ್ಲೇಟು.

"ಮೈಗೆ ಮೈ ತಾಗಿದರೆ ಇಬ್ಬರೂ ಸುಟ್ಟುಹೋಗುತ್ತೀರಿ. ಸರಿಯಲಾರೆ" ಎಂದಿತು ಹಾಳೆ.

"ಹಾಗಾದರೆ ತೂತುಗಳನ್ನಾದರೂ ಮುಚ್ಚು. ಇವನ ದನಿಯೇ ನನಗೆ ಬೇಡ" ಎಂದಿತು ಬೂದು ಪ್ಲೇಟು. ಕಂದು ಪ್ಲೇಟೂ ಹೂಂಗುಟ್ಟಿತು. ಅವೆರಡೂ ಒಪ್ಪಿದ ಮೊದಲ ಮಾತು ಅದೇ.

ಹಾಳೆಗೂ ಸಾಕಾಗಿತ್ತು. ಉಸಿರು ಬಿಗಿಹಿಡಿದು ತೂತುಗಳನ್ನೆಲ್ಲ ಮುಚ್ಚಿಕೊಂಡಿತು. ಒಳಗೆ ಹಾಯೆನ್ನಿಸುವ ಮೌನ.

ಬೆಳಿಗ್ಗೆ ಮೌಲಾಸಾಬರು ಗುಂಡಿ ಒತ್ತಿದರು. ಆಸಿಡ್ ನೀರು ಹರಿದಾಡದೆ ಕರೆಂಟೇ ಹುಟ್ಟಲಿಲ್ಲ, ಆಟೋ ಮಿಸುಕಲಿಲ್ಲ. "ಬ್ಯಾಟರಿ ಸತ್ತೇಹೋಯ್ತು. ಇನ್ನು ಗುಜರಿಗೆ ಹಾಕೋದೇ" ಎಂದು ಸ್ಪ್ಯಾನರ್ ಕೈಗೆತ್ತಿಕೊಂಡರು.

"ತೂತು ತೆರೆಯಪ್ಪಾ, ಬೇಗ ತೆರೆ!" ಎಂದು ಪ್ಲೇಟುಗಳೆರಡೂ ಒಟ್ಟಿಗೆ ಕೂಗಿದವು. ಹಾಳೆ ಉಸಿರು ಬಿಟ್ಟಿತು. ಕೊನೆಯ ಸಲ ನೋಡೋಣವೆಂದು ಸಾಬರು ಗುಂಡಿ ಒತ್ತಿದ್ದೇ ತಡ, ಆಟೋ ಗುರ್ರೆಂದಿತು.

"ಎಲ್ಲ ನಿನ್ನಿಂದಲೇ ಆದದ್ದು!" ಎಂದು ಕಂದು ಪ್ಲೇಟು ಬೂದು ಪ್ಲೇಟಿಗೆ ಬೈಯಲು ಆಗಲೇ ಶುರುಮಾಡಿತು.

ಹಾಳೆ ನಕ್ಕಿತು. "ಬೈಗುಳ ದಾಟಲಿ ಬಿಡಿ. ಏಟು ದಾಟದಂತೆ ನಾನಿದ್ದೇನಲ್ಲ."